ಹೆಸರು ನಂಬಿ ಹಣ ಕಳಿಸೀರಿ, ಜೋಕೆ!

ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಅಂಚೆಯಣ್ಣ ಅದನ್ನು ಪರೀಕ್ಷಿಸುವುದಿಲ್ಲ. ‘ಗೆ’ ಎಂಬಲ್ಲಿರುವ ವಿಳಾಸ ನೋಡಿ ತಲುಪಿಸುತ್ತಾನೆ, ಅಷ್ಟೆ. ಇ-ಮೇಲ್ ಕತೆಯೂ ಅದೇ. ಅದರ ಸಾಗಣೆಯ ನಿಯಮಗಳನ್ನು 1982ರಲ್ಲಿ ಬರೆದಾಗ ಬಳಸುವವರೇ ಬೆರಳೆಣಿಕೆಯಷ್ಟಿದ್ದರು. ಕಳಿಸಿದವರು ನಿಜಕ್ಕೂ ಅವರೇ ಹೌದೋ ಅಲ್ಲವೋ ಎಂದು ತಪಾಸಣೆ ಮಾಡುವ ಏರ್ಪಾಡು ಆ ನಿಯಮಗಳಲ್ಲಿ ಇರಲಿಲ್ಲ.

ಇದರ ಬೆಲೆ ಎಷ್ಟು? ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಪ್ರಕರಣ ನೋಡಿ. ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪನಿ ಗೂಗಲ್ ಮತ್ತು ಫೇಸ್‌ಬುಕ್‌ಗಳಿಗೆ ಯಂತ್ರೋಪಕರಣ ಪೂರೈಸುತ್ತಿತ್ತು. ಅದೇ ಹೆಸರಿನ ಕಂಪನಿಯೊಂದನ್ನು ಈತ ಲಾಟ್ವಿಯಾದಲ್ಲಿ ನೋಂದಾಯಿಸಿದ. ಅಸಲಿ ಕಂಪನಿಯದೇ ಎನಿಸುವಂಥ ಇ-ಮೇಲ್, ಖೋಟಾ ಬಿಲ್ಲು, ಸುಳ್ಳು ಮೊಹರಿನ ಪತ್ರಗಳು ಹೋದವು. 2013ರಿಂದ 2015ರವರೆಗೆ ಆತನ ಖಾತೆಗಳಿಗೆ ಹರಿದ ಹಣ ಹತ್ತು ಕೋಟಿ ಡಾಲರಿಗೂ ಹೆಚ್ಚು! 2017ರಲ್ಲಿ ಸಿಕ್ಕಿಬಿದ್ದ ಆತನಿಗೆ 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಐದು ವರ್ಷ ಸೆರೆವಾಸ ವಿಧಿಸಿತು. ಕಂಪ್ಯೂಟರ್ ಲೋಕದ ದಿಗ್ಗಜರೇ ಮೋಸ ಹೋದ ಮೇಲೆ ಪೀಣ್ಯದ ಸಣ್ಣ ಕಾರ್ಖಾನೆಯ ಲೆಕ್ಕಿಗನ ಪಾಡೇನು?

ಈಗ ಕಚೇರಿಯ ಪತ್ರವ್ಯವಹಾರ ನೌಕರರ ಜೇಬಿಗೂ ಬಂದಿದೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಕಳಿಸಿದವರ ಹೆಸರು ಮಾತ್ರ. ಪೂರ್ತಿ ವಿಳಾಸ ಬೇಕಾದರೆ ಆ ಹೆಸರನ್ನು ಒತ್ತಿ ನೋಡಬೇಕು. ಮದುವೆ ಮನೆಯ ಗದ್ದಲದಲ್ಲಿ ಅಷ್ಟು ವ್ಯವಧಾನ ಯಾರಿಗಿದೆ?

ಉಪಾಯಗಳಿಲ್ಲದೆ ಇಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಏರ್ಪಾಡುಗಳಿವೆ. ಕಂಪನಿಯ ಹೆಸರಿನಲ್ಲಿ ಯಾವ ಯಂತ್ರಗಳು ಟಪಾಲು ಕಳಿಸಬಹುದೆಂದು ಮೊದಲನೆಯದು ಸಾರುತ್ತದೆ. ಎರಡನೆಯದು ಪತ್ರಕ್ಕೆ ಗುಪ್ತ ಮುದ್ರೆ ಒತ್ತುತ್ತದೆ. ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಮೂರನೆಯದು ಹೇಳುತ್ತದೆ. ಜೊತೆಗೆ, ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವ ಎರಡು ಹಂತದ ತಪಾಸಣೆ ಇರಲಿ. ಫೋನ್ ಕಳೆದುಹೋದರೆ ಅದರಲ್ಲಿನ ಕಚೇರಿ ಟಪಾಲನ್ನು ದೂರದಿಂದಲೇ ಅಳಿಸುವ ಸೌಲಭ್ಯ ಮೊದಲೇ ಸಿದ್ಧವಿರಲಿ. ಕೆಲಸ ಬಿಟ್ಟವರ ಖಾತೆ ಅಂದೇ ಮುಚ್ಚಲಿ. ಪತ್ರಗಳು ಗುಟ್ಟಾಗಿ ಬೇರೆ ವಿಳಾಸಕ್ಕೆ ರವಾನೆಯಾಗುತ್ತಿವೆಯೇ ಎಂದು ಆಗಾಗ ನೋಡಬೇಕು. ಖಾತೆಯೊಳಗೆ ನುಸುಳಿದ ಕಳ್ಳರು ಮಾಡುವ ಮೊದಲ ಕೆಲಸಗಳಲ್ಲಿ ಇದೂ ಒಂದು.

ಆದರೆ ವಿಳಾಸದ ಒಂದೇ ಒಂದು ಅಕ್ಷರ ಬದಲಿಸಿದ ಪತ್ರ ಈ ಎಲ್ಲ ಜರಡಿಗಳಿಂದಲೂ ಪಾರಾಗಬಲ್ಲದು. ಆದ್ದರಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಬಂದರೆ ಹಣ ಕಳಿಸುವ ಮುನ್ನ ಫೋನ್ ಮಾಡಿ. ಆ ಪತ್ರದಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಹಣ ಕೈಯಿಂದ ಕೈಗೆ ದಾಟುವ ಮುನ್ನ ಅದನ್ನು ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.