ಅಂಗಡಿ ಮುಚ್ಚಿದ ದಿನವೇ ಚಿಕಿತ್ಸೆಯ ಬಾಗಿಲು ತೆರೆಯಲಿ

ಆಪ್ತಸಮಾಲೋಚಕರೇ, ವೈದ್ಯರೇ, ಆಶಾ ಕಾರ್ಯಕರ್ತೆಯರೇ, ಕುಡಿತದಿಂದ ನೊಂದ ಮನೆಯವರೇ,

ಕೊರೊನಾ ಬಂದು 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಮದ್ಯದಂಗಡಿಗಳು ಮುಚ್ಚಿದವು. ಮತ್ತೆ ತೆರೆದದ್ದು ಮೇ 4ಕ್ಕೆ. ಇನ್ನಾದರೂ ಸಂಸಾರ ನೆಟ್ಟಗಾದೀತು ಎಂದು ಎಷ್ಟೋ ಹೆಣ್ಣುಮಕ್ಕಳು ಆಸೆಪಟ್ಟರು. ಆ ಆಸೆ ತಪ್ಪಲ್ಲ. ಆದರೆ ವರ್ಷಗಟ್ಟಲೆ ದಿನವೂ ಕುಡಿದ ದೇಹ ಸರ್ಕಾರದ ಆದೇಶ ಕೇಳುವುದಿಲ್ಲ. ಕುಡಿತ ಏಕಾಏಕಿ ನಿಂತು ತೀವ್ರ ತೊಂದರೆಗೆ ಸಿಲುಕಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಲಾಕ್‌ಡೌನಿನ ಮೊದಲ ದಿನಗಳಲ್ಲಿ ಸುಮಾರು ಎರಡು ಪಟ್ಟಾಯಿತು. ಹಲವು ಜಿಲ್ಲೆಗಳಿಂದ ಆತ್ಮಹತ್ಯೆಯ ಸುದ್ದಿ ಬಂತು. ಅದೇ ವರ್ಷದ ಜುಲೈ ಕೊನೆಯಲ್ಲಿ ಆಂಧ್ರದ ಕುರಿಚೇಡುವಿನಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು.

ಲಾಕ್‌ಡೌನಿನ ಹೊತ್ತಿನಲ್ಲೇ ಕೇರಳ ಸರ್ಕಾರ ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಲು ಹೊರಟಿತು. ವೈದ್ಯರು ವಿರೋಧಿಸಿದರು, ಹೈಕೋರ್ಟ್ ತಡೆಯಿತು. ಮದ್ಯ ಕೊಡಬೇಕೋ ಬೇಡವೋ ಎಂದು ದೇಶವೆಲ್ಲ ವಾದಿಸಿತು. ಚಿಕಿತ್ಸೆ ಎಲ್ಲಿದೆ ಎಂದು ಕೇಳಿದವರು ಕಡಿಮೆ. ನಮ್ಮ ಮಾತು ಇಷ್ಟೇ: ಸಾಂಕ್ರಾಮಿಕದ ಕಾಲದಲ್ಲಿ ವ್ಯಸನದ ಚಿಕಿತ್ಸೆಯೂ ತುರ್ತು ಚಿಕಿತ್ಸೆ. ಅದು ಒಂದು ದಿನವೂ ನಿಲ್ಲಬಾರದು.

ದೇಹದಲ್ಲಿ ಆಗುವುದೇನು?

ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ, ನಿದ್ದೆ ಹತ್ತುವುದಿಲ್ಲ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ಹೊತ್ತಿಗೆ ಕೆಲವರಿಗೆ ಹಗಲು ರಾತ್ರಿ ತಿಳಿಯದು, ಇಲ್ಲದ ಹುಳುಹುಪ್ಪಟೆ ಕಾಣುತ್ತವೆ, ಗಾಬರಿ ಹೆಚ್ಚುತ್ತದೆ. ಗಾಳಿ ಸೋಕಿದೆ ಎಂದು ಮಂತ್ರವಾದಿಯ ಬಳಿ ಒಯ್ಯುವಷ್ಟರಲ್ಲಿ ಜೀವ ಹೋಗಬಹುದು. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನಗಳ ಮಾತ್ರೆ, ಥಯಮಿನ್ ಎಂಬ ವಿಟಮಿನ್ ಚುಚ್ಚುಮದ್ದು, ಸರಿಯಾದ ಊಟ, ಆರೈಕೆ ಸಿಕ್ಕರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ.

ಸಮಾಲೋಚಕರಲ್ಲಿ ಮನವಿ

“ಮೊದಲು ಬಿಟ್ಟು ಬನ್ನಿ, ಆಮೇಲೆ ಮಾತಾಡೋಣ” ಎಂದು ಯಾರನ್ನೂ ವಾಪಸ್ ಕಳಿಸಬೇಡಿ. ಬಿಡಲಾಗದೆ ಇರುವುದಕ್ಕೇ ಅವರು ನಿಮ್ಮಲ್ಲಿಗೆ ಬಂದಿದ್ದಾರೆ. ಭಯ, ಒಂಟಿತನ, ಸಾಲ ಎಂದು ಬಂದವರನ್ನೂ ಕುಡಿತದ ಬಗ್ಗೆ ಕೇಳಿ. ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಸಾಯುವ ಯೋಚನೆ ಬರುತ್ತಿದೆಯೇ ಎಂಬುದನ್ನು ನೇರವಾಗಿ, ತೀರ್ಪು ಕೊಡದೆ ವಿಚಾರಿಸಿ. ಹಿಂದೆ ಫಿಟ್ಸ್ ಬಂದವರಿಗೆ “ಇವತ್ತೇ ನಿಲ್ಲಿಸಿ” ಎನ್ನದೆ ವೈದ್ಯರ ಜೊತೆ ಸಂಪರ್ಕ ಕಲ್ಪಿಸಿ.

ಭೇಟಿ ಸಾಧ್ಯವಿಲ್ಲದಿದ್ದರೆ ಫೋನ್ ಮಾಡಿ. ಒಂದೇ ಕೋಣೆಯ ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ. ಅವರು ತಾರಸಿಗೋ ಹೊಲದ ಬದಿಗೋ ಹೋಗಬಲ್ಲ ಹೊತ್ತನ್ನು ಅವರಿಂದಲೇ ಕೇಳಿ ಗೊತ್ತುಮಾಡಿಕೊಳ್ಳಿ. ಮತ್ತೆ ಕುಡಿದರೆಂದು ಕೈಬಿಡಬೇಡಿ. ಕುಡಿತ ಮರುಕಳಿಸಿದಾಗಲೇ ನಿಮ್ಮ ಕರೆ ಹೆಚ್ಚು ಬೇಕಾಗುವುದು.

ಸರ್ಕಾರದಲ್ಲಿ ನಮ್ಮ ಹಕ್ಕೊತ್ತಾಯ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆ ಇರುವ ನೂರು ಜನರಲ್ಲಿ 85ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಸಾಮಾನ್ಯ ದಿನಗಳ ಸ್ಥಿತಿಯೇ ಹೀಗಿದ್ದರೆ ಸಾಂಕ್ರಾಮಿಕದಲ್ಲಿ ಗತಿಯೇನು? ಚಿಕಿತ್ಸೆಗೆ ಹಣವಿಲ್ಲ ಎನ್ನುವಂತೆಯೂ ಇಲ್ಲ: 2020ರ ಮೇ 5ರ ಒಂದೇ ದಿನ ರಾಜ್ಯದಲ್ಲಿ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಆದ್ದರಿಂದ:

1. ಮದ್ಯದಂಗಡಿ ಮುಚ್ಚುವ ಆದೇಶದಲ್ಲೇ, ಹತ್ತಿರದಲ್ಲಿ ಎಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದನ್ನೂ ತಿಳಿಸಬೇಕು.

2. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆಂದೇ ಕೆಲವು ಹಾಸಿಗೆ, ಔಷಧ, ತರಬೇತಾದ ಸಿಬ್ಬಂದಿ ಇರಬೇಕು.

3. ವ್ಯಸನಮುಕ್ತಿ ಕೇಂದ್ರಗಳನ್ನು ಅಗತ್ಯ ಸೇವೆ ಎಂದು ಘೋಷಿಸಬೇಕು.

4. ಅಬಕಾರಿ ಆದಾಯದ ಒಂದು ನಿಶ್ಚಿತ ಪಾಲು ಚಿಕಿತ್ಸೆಗೆ ಮೀಸಲಾಗಬೇಕು.

ಇದು ಆಗದ ಮಾತಲ್ಲ. ವೈದ್ಯರು ಫೋನಿನಲ್ಲೇ ಚಿಕಿತ್ಸೆ ಕೊಡಲು ಅನುವಾಗುವ ನಿಯಮವನ್ನು ಕೇಂದ್ರ ಸರ್ಕಾರ 2020ರ ಮಾರ್ಚ್ 25ಕ್ಕೇ ಹೊರಡಿಸಿತು. ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಅದೇ ಸಾಕ್ಷಿ.

ಮನೆಯವರಿಗೆ ಒಂದು ಮಾತು

ಕುಡಿತ ನಿಂತು ನರಳುತ್ತಿರುವವರನ್ನು ಕೂಡಿಹಾಕಬೇಡಿ, ಹೊಡೆಯಬೇಡಿ. ಅವರಿವರ ಮಾತು ಕೇಳಿ ನಿದ್ದೆಮಾತ್ರೆ ತಂದು ಕೊಡಬೇಡಿ. ಫಿಟ್ಸ್ ಬಂದರೆ, ಮಾತು ತಡಬಡಿಸಿದರೆ, ಗುರುತು ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಅವರು ನಿಮ್ಮ ಮೇಲೆ ಕೈ ಮಾಡಿದರೆ ಮೊದಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ. ನೆರವು ಕೇಳುವ ಹಕ್ಕು ನಿಮಗೂ ಇದೆ.

ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್: 14416. ವ್ಯಸನಮುಕ್ತಿಯ ಸಹಾಯವಾಣಿ: 14446. ಎರಡೂ ಉಚಿತ.

ಈ ಕರಪತ್ರ ಓದಿ, ಪಕ್ಕದ ಮನೆಗೆ ದಾಟಿಸಿ. ನಿಮ್ಮ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ಎಷ್ಟು ಹಾಸಿಗೆ ಇವೆ? ಉತ್ತರ ಬರುವವರೆಗೆ ಕೇಳುತ್ತಲೇ ಇರಿ.