ಗುಂಟೆ ಲೆಕ್ಕ ಗೊತ್ತಿದ್ದೋರಿಗೆ ಜಿಪಿಎಸ್ ಮಾರೋದು ಕಷ್ಟ

ನಮ್ಮ ಐಟಿ ಜನರ ಹವ್ಯಾಸಗಳೆಲ್ಲ ಶುರುವಾಗೋದು ಅಂಗಡೀಲಿ. ಓಡಬೇಕು ಅನ್ನಿಸಿದ್ರೆ ಮೊದಲು ಹದಿನೈದು ಸಾವಿರದ ಶೂ, ಹಕ್ಕಿ ನೋಡಬೇಕು ಅನ್ನಿಸಿದ್ರೆ ಮೊದಲು ಮಾರುದ್ದದ ಲೆನ್ಸು. ಹಕ್ಕಿ ಆಮೇಲೆ. ಈಗ ಜಿಯೋಕ್ಯಾಶಿಂಗ್ ಸರದಿ. ಆನ್‌ಸೈಟ್ ಹೋದೋರು ಅಮೆರಿಕದಲ್ಲಿ ವೀಕೆಂಡ್ ಕಳೆಯೋಕೆ ಅಂತ ಶುರು ಹಚ್ಕೊಂಡು, ರುಚಿ ಹತ್ತಿಸಿಕೊಂಡು ವಾಪಸ್ ಬರ್ತಾರೆ. ಬಂದ ವಾರಕ್ಕೇ ನನ್ನ ಸೀಟಿನ ಹತ್ರ ನಿಂತು ಅದೇ ಪ್ರಶ್ನೆ: "ಗುರು, ಯಾವ ಜಿಪಿಎಸ್ ತಗೊಳ್ಳಲಿ? ಮಲ್ಟಿ ಬ್ಯಾಂಡ್ ಇರೋದೇ ತಗೊಂಡ್ಬಿಡ್ಲಾ?" ಉತ್ತರ ಅವರ ಮುಖದಲ್ಲೇ ಬರೆದಿರುತ್ತೆ. ಐನೂರು ಡಾಲರಿಂದು ತಗೋ ಅಂತ ನಾನು ಒಂದು ಸಹಿ ಹಾಕಬೇಕು, ಅಷ್ಟೇ.

ನಾನು ಹಾಕಲ್ಲ. ಯಾಕೆ ಅಂತ ಪ್ರತಿಯೊಬ್ಬರಿಗೂ ಟೀ ಕುಡಿಸಿ ವಿವರಿಸೋ ಬದಲು ಇಲ್ಲೇ ಒಂದ್ಸಲ ಬರೆದುಬಿಡ್ತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ನೀರು ಹೋಗದ ಒಂದು ಡಬ್ಬಿಯೊಳಗೆ ಪುಟ್ಟ ಪುಸ್ತಕ ಇಟ್ಟು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶ ಪ್ರಕಟಿಸ್ತಾರೆ. ನೀವು ಆ ಅಂಕಿ ಹಿಡ್ಕೊಂಡು ಹೋಗಿ, ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬೀನ ಇದ್ದ ಹಾಗೇ ಇಟ್ಟು ಬರಬೇಕು. ಸಿಗೋ ಬಹುಮಾನ ಏನು ಅಂದ್ರೆ, ಏನೂ ಇಲ್ಲ. ಅದೇ ಅದರ ಚಂದ.

ಈ ಆಟ ಹುಟ್ಟಿದ್ದೇ ಒಂದು ಅಳತೆಯ ಕಾರಣಕ್ಕೆ. 2000ನೇ ಇಸವಿ ಮೇ ತಿಂಗಳ ತನಕ ಅಮೆರಿಕದವರು ನಾಗರಿಕರಿಗೆ ಸಿಗೋ ಜಿಪಿಎಸ್ ಸಂಕೇತಕ್ಕೆ ಬೇಕಂತಲೇ ಕಲಬೆರಕೆ ಮಾಡ್ತಿದ್ರು. ಅದಕ್ಕೆ ಸೆಲೆಕ್ಟಿವ್ ಅವೈಲಬಿಲಿಟಿ ಅಂತ ಗೌರವದ ಹೆಸರು ಬೇರೆ. ಯಂತ್ರ ತೋರಿಸೋ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರ್ ತನಕ ಅಂತರ. ಕ್ಲಿಂಟನ್ ಸರ್ಕಾರ ಮೇ 2ರಂದು ಅದನ್ನ ನಿಲ್ಲಿಸ್ತು. ಮಾರನೇ ದಿನವೇ ಡೇವ್ ಅಲ್ಮರ್ ಅನ್ನೋ ಕಂಪ್ಯೂಟರ್ ಕನ್ಸಲ್ಟೆಂಟು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ರ ಕಾಡಲ್ಲಿ ಒಂದು ಕಪ್ಪು ಬಕೆಟ್ಟನ್ನ ಅರ್ಧ ಹುಗಿದಿಟ್ಟು, ಅದರ ಸ್ಥಾನ ಇದು, ಹುಡುಕ್ರಪ್ಪಾ ಅಂತ ಲೋಕಕ್ಕೆ ಹೇಳಿದ. ಬಕೆಟ್ಟಿನಲ್ಲಿ ಪುಸ್ತಕ, ಸಾಫ್ಟ್‌ವೇರು, ಒಂದು ಡಬ್ಬಿ ಬೀನ್ಸು. ಮೂರೇ ದಿನದಲ್ಲಿ ಇಬ್ಬರು ಹುಡುಕಿಯೂ ಬಿಟ್ರು. (ಇವತ್ತಿನ ನಿಯಮದ ಪ್ರಕಾರ ಅವನ ಬಕೆಟ್ಟು ಪಾಸಾಗ್ತಿರಲಿಲ್ಲ. ಜಾಗದ ಯಜಮಾನರ ಅನುಮತಿ ಇಲ್ಲದೆ ನೆಲ ಅಗೆದು ಹೂಳೋ ಹಾಗಿಲ್ಲ, ತಿನ್ನೋ ಪದಾರ್ಥ ಇಡೋ ಹಾಗಿಲ್ಲ.)

ಈಗ ಇದನ್ನ ನಮ್ಮೂರ ಲೆಕ್ಕಕ್ಕೆ ತರೋಣ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. ನಲವತ್ತು ಗುಂಟೆಗೆ ಒಂದು ಎಕರೆ. ಇದು ನನಗೆ ಮಗ್ಗಿ ಜೊತೆಗೇ ಬಂದ ಪಾಠ, ಯಾಕಂದ್ರೆ ನಮ್ಮ ಕಡೆ ಅಣ್ಣತಮ್ಮಂದಿರು ಅರ್ಧ ಗುಂಟೆಗೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೀತಾರೆ. ಯಂತ್ರ ನೂರು ಮೀಟರ್ ತಪ್ಪಿದ್ರೆ ನೀವು ಹುಡುಕಬೇಕಾದ್ದು ನೂರು ಮೀಟರ್ ತ್ರಿಜ್ಯದ ವೃತ್ತ, ಅಂದ್ರೆ ಹತ್ತಿರ ಹತ್ತಿರ 8 ಎಕರೆ. ಅಷ್ಟು ದೊಡ್ಡ ಕಾಡಲ್ಲಿ ಬಕೆಟ್ ಹುಡುಕೋದಕ್ಕೆ ಆಟ ಅನ್ನಲ್ಲ, ಶಿಕ್ಷೆ ಅಂತಾರೆ. ತಪ್ಪು ಹತ್ತು ಮೀಟರಿಗೆ ಇಳಿದ್ರೆ ಅದೇ 8 ಎಕರೆ 3 ಗುಂಟೆ ಆಗುತ್ತೆ. ಅಲ್ಮರ್ ಬಕೆಟ್ ಎತ್ಕೊಂಡು ಹೊರಟಿದ್ದು ಈ ವ್ಯತ್ಯಾಸ ನೋಡಿ.

ಸರಿ, ಈಗ ನಿಮ್ಮ ಐನೂರು ಡಾಲರಿಗೆ ಬರೋಣ. ಬಯಲಲ್ಲಿ ಸಾಧಾರಣ ಯಂತ್ರ 5 ಮೀಟರ್ ತಪ್ಪುತ್ತೆ, ದುಬಾರಿಯದ್ದು 3 ಮೀಟರ್ ಅಂತಲೇ ಇಟ್ಕೊಳ್ಳಿ. ಐದು ಮೀಟರಿನ ವೃತ್ತ ಮುಕ್ಕಾಲು ಗುಂಟೆ, ಮೂರು ಮೀಟರಿಂದು ಕಾಲು ಗುಂಟೆಗೆ ಸ್ವಲ್ಪ ಜಾಸ್ತಿ. ಅರ್ಧ ಗುಂಟೆ ಉಳಿತು! ಬೆಂಗಳೂರಿನ ಸೈಟ್ ರೇಟಿಗೆ ಹೋಲಿಸಿದ್ರೆ ಭಾರೀ ಅಗ್ಗ. ಆದ್ರೆ ಸ್ವಾಮಿ, ಡಬ್ಬಿ ಅಡಗಿಸಿದೋನ ಯಂತ್ರವೂ ತಪ್ಪುತ್ತಲ್ಲ? ಅವನು ಒಂದು ದಿಕ್ಕಿಗೆ 5 ಮೀಟರ್ ತಪ್ಪಿ, ನಿಮ್ಮದು ಇನ್ನೊಂದು ದಿಕ್ಕಿಗೆ 5 ಮೀಟರ್ ತಪ್ಪಿದ್ರೆ ಒಟ್ಟು ಹತ್ತು, ಅಲ್ಲಿಗೆ ಮತ್ತೆ 3 ಗುಂಟೆ. ನಿಮ್ಮದು ಮೂರೇ ಮೀಟರ್ ತಪ್ಪಿದ್ರೂ ಒಟ್ಟು ಎಂಟು, ಅಂದ್ರೆ 2 ಗುಂಟೆ. ಅವನ ಪಾಲಿನ ತಪ್ಪನ್ನ ನಿಮ್ಮ ದುಡ್ಡು ಅಳಿಸಲ್ಲ. ಡಬ್ಬಿ ಸಿಗದೇ ಇದ್ದಾಗಲೆಲ್ಲ ಯಂತ್ರ ಬದಲಾಯಿಸಬೇಕು ಅಂತ ಹೊರಡೋರು ಈ ಒಂದು ಕೂಡುವ ಲೆಕ್ಕ ಮಾಡಿದ್ರೆ ಸಾಕು, ಸಂಬಳ ಉಳಿಯುತ್ತೆ.

ಪರದೆ ಮೇಲೆ ಬರೋ "±3 ಮೀ." ಅನ್ನೋದೂ ಅಷ್ಟೇ. ಅದು ಯಂತ್ರ ತನ್ನ ಬಗ್ಗೆ ತಾನೇ ಕೊಟ್ಕೊಂಡ ಅಂದಾಜು. ಸ್ಪ್ರಿಂಟ್ ಪ್ಲಾನಿಂಗಲ್ಲಿ ನಾವು ಕೊಡೋ ಎಸ್ಟಿಮೇಟ್ ಇದ್ದ ಹಾಗೆ. ಕೊಟ್ಟೋನಿಗೇ ಅದರ ಮೇಲೆ ಅಷ್ಟು ನಂಬಿಕೆ ಇರಲ್ಲ. ನೀವು ಬಂಡೆಯ ಸಂದಿಯಲ್ಲೋ, ದಟ್ಟ ಮರದ ಕೆಳಗೋ, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳ ನಡುವೆಯೋ ನಿಂತಿದ್ರೆ ಸಂಕೇತ ಎಲ್ಲೆಲ್ಲೋ ಬಡಿದು ಬರುತ್ತೆ. ದಾರಿ ಉದ್ದ ಆಯ್ತು ಅನ್ನೋದು ಯಂತ್ರಕ್ಕೆ ಗೊತ್ತಾಗಲ್ಲ, ಉಪಗ್ರಹವೇ ದೂರ ಇದೆ ಅಂದ್ಕೊಳ್ಳುತ್ತೆ. ಮಲ್ಟಿ ಬ್ಯಾಂಡ್ ಯಂತ್ರಗಳು ಇಂಥ ಕಡೆ ನಿಜಕ್ಕೂ ಮೇಲು, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಅಡಗಿಸಿದೋನು ಅದೇ ಬಂಡೆ ಸಂದಿಯಲ್ಲಿ ನಿಂತು ಹಳೇ ಫೋನಲ್ಲಿ ಒಂದೇ ಒಂದು ಸಲ ಅಂಕಿ ಬರ್ಕೊಂಡಿದ್ರೆ, ನೀವು ಮೇಲಾಗಿ ಏನು ಮಾಡ್ತೀರಿ?

ಹಾಗಾದ್ರೆ ಫೋನೇ ಸಾಕಾ? ಊರೊಳಗೆ ಆಡೋದಾದ್ರೆ ಧಾರಾಳ ಸಾಕು. ಮೊದಲ ಇಪ್ಪತ್ತು ಡಬ್ಬಿ ಫೋನಲ್ಲೇ ಹುಡುಕಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಹತ್ತರಲ್ಲಿ ಎಂಟು ಜನಕ್ಕೆ ಅಷ್ಟರಲ್ಲಿ ಆಸಕ್ತಿ ತೀರಿರುತ್ತೆ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಸತ್ತುಹೋಗುತ್ತೆ ಅನ್ನೋದು ಸುಳ್ಳು. ಅದು ಆಕಾಶ ನೋಡ್ಕೊಂಡು ತನ್ನ ಪಾಡಿಗೆ ಕೆಲಸ ಮಾಡ್ತಿರುತ್ತೆ, ಸಾಯೋದು ನೀವು ಮೊದಲೇ ಇಳಿಸಿಟ್ಕೊಳ್ಳದ ಮ್ಯಾಪು. ಫೋನ್ ಕೈಕೊಡೋದು ಬೇರೆ ಕಡೆ: ಮಳೇಲಿ ಒದ್ದೆ ಬೆರಳು ಅದಕ್ಕೆ ತಿಳಿಯಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣಲ್ಲ, ಸಂಜೆ ಹೊತ್ತಿಗೆ ಚಾರ್ಜ್ ಖಾಲಿ. ದಾರಿ ತಪ್ಪಿದ್ರೆ ಯಾರಿಗಾದ್ರೂ ಕರೆ ಮಾಡಬೇಕಾದ್ದೂ ಅದೇ ಫೋನಲ್ಲಿ. ಬೆಟ್ಟ ಕಾಡು ಹತ್ತೋರು ಕೈಯಲ್ಲಿ ಹಿಡಿಯೋ ಜಿಪಿಎಸ್ ಕೊಳ್ಳಬೇಕಾದ್ದು ಈ ಕಾರಣಕ್ಕೆ. ನಿಖರತೆಗಲ್ಲ.

ಕಾರಣ ಹೀಗೆ ಬದಲಾದ್ರೆ ಆಯ್ಕೆಯೂ ಬದಲಾಗುತ್ತೆ ನೋಡಿ. ಗಾರ್ಮಿನ್ ಕಂಪನಿ 2023ರಲ್ಲಿ ಬಿಟ್ಟ ಈಟ್ರೆಕ್ಸ್ ಎಸ್‌ಇ ಅಮೆರಿಕದಲ್ಲಿ 150 ಡಾಲರ್. ಕಪ್ಪುಬಿಳುಪು ಪರದೆ, ಒತ್ತೋ ಗುಂಡಿಗಳು, ದಿಕ್ಸೂಚಿ. ಎರಡು ಪೆನ್ಸಿಲ್ ಸೆಲ್ಲಿಗೆ 168 ಗಂಟೆ ಅಂತ ಕಂಪನಿ ಹೇಳುತ್ತೆ, ಅದರ ಅರ್ಧ ಬಂದ್ರೂ ಮೂರು ಹಗಲು ಮೂರು ರಾತ್ರಿ ಆಯ್ತು. ನೋಡೋಕೆ ಹಳೇ ಕ್ಯಾಲ್ಕುಲೇಟರ್ ಇದ್ದ ಹಾಗಿದೆ, ಕೆಫೆಟೇರಿಯಾದಲ್ಲಿ ಟೇಬಲ್ ಮೇಲಿಟ್ರೆ ಯಾರೂ ತಿರುಗಿ ನೋಡಲ್ಲ. ಅದೇ ವರ್ಷದ ಜಿಪಿಎಸ್‌ಮ್ಯಾಪ್ 67ಕ್ಕೆ 500 ಡಾಲರ್. ಬಣ್ಣದ ಪರದೆ, ಮಲ್ಟಿ ಬ್ಯಾಂಡ್, 180 ಗಂಟೆ. ಬ್ಯಾಟರಿ ಮಾತ್ರ ಒಳಗೇ ಕೂತಿದೆ, ಮುಗಿದ್ರೆ ಚಾರ್ಜರ್ ಬೇಕು. ಪೆನ್ಸಿಲ್ ಸೆಲ್ಲು ಘಟ್ಟದ ಮೇಲಿನ ಬೀಡಿ ಅಂಗಡೀಲೂ ಸಿಗುತ್ತೆ. ನನ್ನ ಓಟು ಆ ಕ್ಯಾಲ್ಕುಲೇಟರಿಗೆ.

ದುಡ್ಡು ಕೊಡಬೇಕಾದ ಒಂದೇ ವಿಷಯ ದಿಕ್ಸೂಚಿ. ಸೆಕೆಂಡ್ ಹ್ಯಾಂಡಲ್ಲಿ ಈಟ್ರೆಕ್ಸ್ 22ಎಕ್ಸ್ ಸಿಕ್ತು ಅಂತ ಕುಣಿಬೇಡಿ, ಅದರಲ್ಲಿ ಅಯಸ್ಕಾಂತದ ದಿಕ್ಸೂಚಿ ಇಲ್ಲ. ನೀವು ನಡೀತಾ ಇದ್ರೆ ಮಾತ್ರ ಬಾಣ ಸರಿಯಾಗಿ ತೋರಿಸುತ್ತೆ. ನಿಂತ್ರೋ, ಜಾತ್ರೆಯ ಗಿರಗಿಟ್ಲೆ. ಡಬ್ಬಿ ಹುಡುಕೋವಾಗ ನಿಲ್ಲೋದೇ ಹೆಚ್ಚು. ಅದರ ಅಣ್ಣ 32ಎಕ್ಸ್‌ನಲ್ಲಿ ದಿಕ್ಸೂಚಿ ಇದೆ. ಸೆಲ್ಲು ಬದಲಾಯಿಸಿದಾಗಲೆಲ್ಲ ಅದನ್ನ ಸರಿಹೊಂದಿಸಿಕೊಳ್ಳಬೇಕು, ಅರ್ಧ ನಿಮಿಷದ ಕೆಲಸ, ಯಾರೂ ಮಾಡಲ್ಲ.

ಇನ್ನು ಬಳಸೋ ವಿಷಯ. ನಮ್ಮೋರು ಎಡವೋದು ಇಲ್ಲೇ. ಸ್ಥಾನ ಬರೆಯೋಕೆ ಈ ಆಟದಲ್ಲಿ ಡಿಗ್ರಿ, ಮಿನಿಟು, ಮಿನಿಟಿನ ಮೂರು ದಶಾಂಶ ಬಳಸ್ತಾರೆ. ಉದಾಹರಣೆಗೆ ಉತ್ತರ 12° 58.500', ಪೂರ್ವ 77° 35.500' ಅಂದ್ರೆ ಕಬ್ಬನ್ ಪಾರ್ಕ್. ಇದನ್ನ ಬರೀ ದಶಾಂಶ ಡಿಗ್ರಿ ಅಂತ ತಿಳಿದು 12.58500, 77.35500 ಅಂತ ಒತ್ತಿದ್ರೆ ನೀವು ಐವತ್ತು ಕಿಲೋಮೀಟರ್ ಆಚೆ ಕನಕಪುರದ ಆಸುಪಾಸಿನ ಯಾರದೋ ಹೊಲದಲ್ಲಿ ನಿಂತಿರ್ತೀರಿ. ಮೂರು ಮೀಟರಿಗೆ ಐನೂರು ಡಾಲರ್ ಕೊಟ್ಟು ಐವತ್ತು ಕಿಲೋಮೀಟರ್ ಕಳ್ಕೊಳ್ಳೋದು ನಮ್ಮ ವೃತ್ತಿಯೋರಿಗೆ ಮಾತ್ರ ಸಾಧ್ಯ. ಸೆಟಿಂಗ್ಸಲ್ಲಿ ನಕ್ಷೆಯ ಆಧಾರ ಡಬ್ಲ್ಯುಜಿಎಸ್ 84 ಅಂತ ಇದೆಯಾ ಅದನ್ನೂ ನೋಡ್ಕೊಳ್ಳಿ.

ಕೊನೆಯ ಅಂಕಿ ಒಂದು ಬದಲಾದ್ರೆ ನೆಲದ ಮೇಲೆ ಉತ್ತರ ದಕ್ಷಿಣಕ್ಕೆ 1.85 ಮೀಟರ್, ಒಂದು ಆಳಿನ ಉದ್ದ. ಆ ಅಂಕಿಯನ್ನ ಸೊನ್ನೆ ಮಾಡ್ತೀನಿ ಅಂತ ಜನ ಪೊದೆ ಸುತ್ತ ಪ್ರದಕ್ಷಿಣೆ ಹಾಕೋದನ್ನ ನೋಡಬೇಕು ನೀವು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಕಣ್ಣು ಪರದೆ ಬಿಟ್ಟು ಏಳಲ್ಲ. ಡಬ್ಬಿ ಮೊಣಕಾಲ ಪಕ್ಕದ ಪೊಟರೆಯಲ್ಲೇ ಇರುತ್ತೆ.

ಅದರ ಬದಲು ಹೀಗೆ ಮಾಡಿ. ಮೂವತ್ತು ಮೀಟರ್ ದೂರದಲ್ಲೇ ನಿಲ್ಲಿ. ಯಂತ್ರ ಒಂದೆರಡು ನಿಮಿಷ ನೆಲೆಗೊಳ್ಳಲಿ. ಬಾಣದ ದಿಕ್ಕಲ್ಲಿ ಕಣ್ಣಲ್ಲೇ ಒಂದು ಗೆರೆ ಎಳೆದು ಯಾವ ಮರ, ಯಾವ ಕಲ್ಲು ಸಿಗುತ್ತೆ ನೋಡ್ಕೊಳ್ಳಿ. ಆಮೇಲೆ ಪಕ್ಕಕ್ಕೆ ಸುತ್ತಿ ಬಂದು, ಮೊದಲ ಗೆರೆಗೆ ಅಡ್ಡವಾಗಿ, ಮತ್ತೆ ಮೂವತ್ತು ಮೀಟರಿಂದ ಇನ್ನೊಂದು ಗೆರೆ. ಎರಡೂ ಕೂಡೋ ಕಡೆಗೆ ನಡೀರಿ, ಹತ್ತು ಮೀಟರ್ ಅಂತ ತೋರಿಸಿದ ಕೂಡಲೇ ಯಂತ್ರ ಜೇಬಿಗೆ. ಇನ್ಮೇಲೆ ಅದಕ್ಕೆ ನಿಮಗಿಂತ ಹೆಚ್ಚೇನೂ ಗೊತ್ತಿಲ್ಲ. ಕಲ್ಲು ಯಾರೋ ಜೋಡಿಸಿಟ್ಟ ಹಾಗಿದೆಯಾ, ಒಣ ಎಲೆ ಒಂದೇ ಕಡೆ ಯಾಕೆ ಗುಡ್ಡೆಯಾಗಿದೆ, ನಾನಾಗಿದ್ರೆ ಎಲ್ಲಿ ಬಚ್ಚಿಡ್ತಿದ್ದೆ? ಹೊಟ್ಟಿನ ಗುಡ್ಡೆಯಲ್ಲಿ ಕೋಳಿ ಎಲ್ಲಿ ಮೊಟ್ಟೆ ಇಟ್ಟಿದೆ ಅಂತ ನಮ್ಮಮ್ಮ ಹುಡುಕೋ ಕ್ರಮ ಇದೇ. ಕೈ ಹಾಕೋ ಮೊದಲು ಕಡ್ಡಿಯಿಂದ ಕೆದಕೋದೂ ಅವಳದ್ದೇ ಪಾಠ. ಪೊಟರೆಗೆ ಬಾಡಿಗೆದಾರರು ಇರ್ತಾರೆ.

ಬಾಣವನ್ನ ದಾರಿ ಅಂತ ತಿಳ್ಕೊಳ್ಳೋರದ್ದು ಇನ್ನೂ ದೊಡ್ಡ ಅಪಾಯ. ಯಂತ್ರಕ್ಕೆ ಗೊತ್ತಿರೋದು ನೇರ ಗೆರೆ ಮಾತ್ರ. ಮಧ್ಯೆ ಕೆರೆ ಇದೆಯೋ, ಕಮರಿ ಇದೆಯೋ, ರಾಗಿ ಪೈರು ನಿಂತಿದೆಯೋ ಅದಕ್ಕೇನು? "ಇನ್ನು 200 ಮೀಟರ್ ಅಷ್ಟೇ" ಅಂತ ಕಾಲುದಾರಿ ಬಿಟ್ಟು ಇಳಿಜಾರಿಗೆ ಇಳಿದೋರು ಕತ್ತಲಾದ ಮೇಲೆ ಹತ್ತೋಕಾಗದೆ ಒದ್ದಾಡ್ತಾರೆ. ಗಾಡಿ ನಿಲ್ಲಿಸಿದ ಜಾಗವನ್ನ ಹೊರಡೋ ಮೊದಲೇ ಯಂತ್ರದಲ್ಲಿ ಗುರುತು ಹಾಕ್ಕೊಳ್ಳಿ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಬಾಣವೂ ಬೇಡ, ಡಬ್ಬಿಯೂ ಬೇಡ.

ಹೊಲದ ಅಂಚಲ್ಲಿ ಹುಡುಕೋರಿಗೆ ಒಂದು ಮಾತು. ಪ್ಯಾಂಟು ಶೂ ಹಾಕಿದೋನೊಬ್ಬ ಕೈಯಲ್ಲಿ ಯಂತ್ರ ಹಿಡಿದು ಬದುವಿನ ಮೇಲೆ ಅತ್ತಿತ್ತ ಓಡಾಡ್ತಿದ್ರೆ ಹಳ್ಳಿಯೋರಿಗೆ ಜಿಯೋಕ್ಯಾಶಿಂಗ್ ನೆನಪಾಗಲ್ಲ. ರಸ್ತೆಗೆ ಜಮೀನು ಹೋಗುತ್ತಾ, ಫ್ಯಾಕ್ಟರಿಗಾ, ಎಷ್ಟು ಗುಂಟೆ, ಇದೇ ನೆನಪಾಗೋದು. ಆ ರಾತ್ರಿ ಆ ಮನೇಲಿ ಯಾರೂ ಸರಿಯಾಗಿ ಉಣ್ಣಲ್ಲ. ನೀವು ಡಬ್ಬಿ ಸಿಕ್ಕ ಫೋಟೋ ಹಾಕಿ ಮಲಗಿರ್ತೀರಿ. "ಯಜಮಾನ್ರೇ, ನಾವು ಸರ್ವೆಯೋರಲ್ಲ, ಹೀಗೊಂದು ಹುಚ್ಚಾಟ" ಅಂತ ಮೊದಲೇ ಹೋಗಿ ಹೇಳೋಕೆ ಎರಡು ನಿಮಿಷ ಸಾಕು. ಅವರು ನಗ್ತಾರೆ, ಆಮೇಲೆ ನೀವು ಹುಡುಕ್ತಿರೋ ಬಂಡೆಗೆ ಏನು ಹೆಸರು ಅಂತಲೂ ಹೇಳ್ತಾರೆ.

ಡಬ್ಬಿ ನೀವೇ ಅಡಗಿಸೋದಾದ್ರೆ ಕೆಲಸ ಇನ್ನೂ ನಿಧಾನದ್ದು. ಯಂತ್ರವನ್ನ ಡಬ್ಬಿ ಮೇಲಿಟ್ಟು ಸರಾಸರಿ ತೆಗೆಯೋ ಆಯ್ಕೆ ಒತ್ತಿ, ಬಿಟ್ಟು ಕೂರಿ. ಇನ್ನೊಂದು ದಿನ ಬೇರೆ ಹೊತ್ತಲ್ಲಿ ಹೋಗಿ ಮತ್ತೆ ಅದನ್ನೇ ಮಾಡಿ, ಯಾಕಂದ್ರೆ ಅಷ್ಟೊತ್ತಿಗೆ ಉಪಗ್ರಹಗಳ ಜಾಗ ಬದಲಾಗಿರುತ್ತೆ. ನೂರೈವತ್ತು ಡಾಲರಿನ ಯಂತ್ರದಲ್ಲಿ ಎರಡು ದಿನ ತಗೊಂಡ ಸರಾಸರಿ, ಐನೂರು ಡಾಲರಿನದ್ದರಲ್ಲಿ ನಿಂತ ಕಾಲಲ್ಲಿ ಬರ್ಕೊಂಡ ಒಂದು ಅಂಕಿಗಿಂತ ಹೆಚ್ಚು ನಂಬಿಕಸ್ಥ. ಮೇಲಿನ ಕೂಡುವ ಲೆಕ್ಕ ನೆನಪಿದೆಯಲ್ಲ? ನಿಮ್ಮ ತಪ್ಪು ನಿಮ್ಮೊಬ್ಬರಲ್ಲೇ ಉಳಿಯಲ್ಲ, ಮುಂದೆ ಹುಡುಕೋಕೆ ಬರೋ ಪ್ರತಿಯೊಬ್ಬನೂ ಆ ಎರಡು ಗುಂಟೆ ತುಳಿಬೇಕು. ಅಲ್ಲಿರೋ ಗಿಡ, ಹುಲ್ಲು, ಗೂಡು ಎಲ್ಲ ಆ ಎರಡು ಗುಂಟೆಯೊಳಗೇ ಇವೆ. ಡಬ್ಬಿ ಪಾರದರ್ಶಕ ಇರಲಿ, ಮೇಲೆ ಇದು ಏನು ಅಂತ ಕನ್ನಡದಲ್ಲಿ ಬರೆದಿರಲಿ. ವಾರಸುದಾರರಿಲ್ಲದ ಪೊಟ್ಟಣ ಕಂಡ್ರೆ ಪೊಲೀಸರನ್ನ ಕರೆಯೋ ಊರು ನಮ್ದು.

ಇಷ್ಟೆಲ್ಲ ಓದಿದ ಮೇಲೂ "ಇಲ್ಲ ಗುರು, ನಂಗೆ 67ನೇ ಬೇಕು" ಅನ್ನೋರು ಇದ್ದೇ ಇರ್ತೀರಿ. ತಗೊಳ್ಳಿ, ನಿಮ್ಮ ದುಡ್ಡು. ಅಮೆರಿಕದಿಂದ ತಂದ ಮೊದಲ ದಿನ ಆಕಾಶ ಕಾಣೋ ಟೆರೇಸ್ ಮೇಲೆ ಕಾಲು ಗಂಟೆ ಸುಮ್ಮನೆ ಇಡಿ, ಹೊಸ ಜಾಗದ ಆಕಾಶದಲ್ಲಿ ಉಪಗ್ರಹಗಳನ್ನ ಅದು ಹುಡುಕ್ಕೊಳ್ಳಬೇಕು. ಮತ್ತೆ ಕೊಳ್ಳೋವಾಗ ಹೆಸರಿನ ಕೊನೇಲಿ ಇನ್ನೊಂದು ಅಕ್ಷರ ಇದೆಯಾ ಕಣ್ಣಿಟ್ಟು ನೋಡಿ. ನೂರು ಡಾಲರ್ ಜಾಸ್ತಿ ಕೊಟ್ರೆ 67ಐ ಬರುತ್ತೆ. ಅದು ಉಪಗ್ರಹದ ಮೂಲಕ ಮೆಸೇಜೂ ಕಳಿಸುತ್ತೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥ ಸಾಧನ ನಮ್ಮ ದೇಶದಲ್ಲಿ ಬಳಸೋ ಹಾಗಿಲ್ಲ, ಅದನ್ನ ಬ್ಯಾಗಲ್ಲಿಟ್ಕೊಂಡು ಬಂದ ವಿದೇಶಿಯರನ್ನ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸಿದ ಉದಾಹರಣೆಗಳಿವೆ. ಬರೀ 67 ಸಂಕೇತ ಕೇಳಿಸ್ಕೊಳ್ಳುತ್ತೆ ಅಷ್ಟೇ, ತಾನು ಉಪಗ್ರಹಕ್ಕೆ ಏನೂ ಹೇಳಲ್ಲ. ಅದನ್ನೇ ತಗೊಳ್ಳಿ.