ಹನ್ನೊಂದು ಜನರ ಆಟ, ಒಬ್ಬನ ಪಗಾರ

ಲಿಲಾವು ನಮಗೆ ಹೊಸದಲ್ಲ. ಹತ್ತಿ, ಶೇಂಗಾ, ಮೆಣಸಿನಕಾಯಿ, ಹೆಸರು, ಕಡಲೆ ಪೇಟೆಯಲ್ಲಿ ಸವಾಲಿಗೆ ಬೀಳುವುದನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. 2008ರಿಂದ ಆಟಗಾರರ ಲಿಲಾವೂ ಬಂದಿದೆ. ಐ.ಪಿ.ಎಲ್. ಕ್ರಿಕೆಟ್ಟಿನದು ಮೊದಲು, 2014ರಲ್ಲಿ ಕಬಡ್ಡಿಯದು, 2023ರಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ಟಿನದು. ಲಿಲಾವು ಮುಗಿದ ಮರುದಿನ ರೋಣದ ಚಹದಂಗಡಿಗೆ ಹೋಗಲಿ, ನರಗುಂದದ ಬಸ್ ನಿಲ್ದಾಣಕ್ಕೆ ಹೋಗಲಿ, ಗಜೇಂದ್ರಗಡದ ನೇಕಾರರ ಓಣಿಗೆ ಹೋಗಲಿ, ಎಲ್ಲೆಡೆ ಒಂದೇ ಮಾತು: ಯಾರು ಎಷ್ಟಕ್ಕೆ ಹೋದ? ಆಟದ ಹುಚ್ಚು ನಮಗೂ ಇದೆ. ನಾವೂ ಈ ಮಾತಿಗೆ ಹೊರತಲ್ಲ. ಆದರೆ ಯಾರು ಎಷ್ಟಕ್ಕೆ ಹೋದ ಎಂಬುದಕ್ಕಿಂತ, ಇದ್ದ ಹಣವನ್ನು ಹೇಗೆ ಹಂಚಿದರು ಎಂಬುದೇ ದೊಡ್ಡ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ಲೆಕ್ಕ ಸರಳವಾಗಿದೆ. ಪ್ರತಿಯೊಂದು ತಂಡಕ್ಕೂ ಒಂದು ಥೈಲಿ ಇರುತ್ತದೆ. ಅದಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 2025ರ ಐ.ಪಿ.ಎಲ್.ಗೆ ಆ ಥೈಲಿ 120 ಕೋಟಿ ರೂಪಾಯಿ. ಅದರಲ್ಲಿ ಕಡಿಮೆಯೆಂದರೆ 18, ಹೆಚ್ಚೆಂದರೆ 25 ಆಟಗಾರರು. ಪರದೇಶದವರು 8ಕ್ಕೆ ಮೀರಕೂಡದು. ಆದ್ದರಿಂದ ಒಬ್ಬನಿಗೆ ಕೊಟ್ಟ ಪ್ರತಿ ರೂಪಾಯಿಯೂ ಇನ್ನೊಬ್ಬನಿಗೆ ಕೊಡದೆ ಉಳಿಸಿದ ರೂಪಾಯಿ. ಸಣ್ಣ ಬಂಡವಾಳದ ಅಂಗಡಿಕಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದ್ದ ಹಣವನ್ನೆಲ್ಲ ರೇಶಿಮೆಗೆ ಹಾಕಿ ಉಪ್ಪು, ಬೆಲ್ಲ, ಸೀಮೆಎಣ್ಣೆ ಇಡದವನ ಅಂಗಡಿಗೆ ಗಿರಾಕಿ ಎಷ್ಟು ದಿನ ಬಂದಾನು?

ನಮ್ಮ ನಾಡಿನ ಹೆಸರು ಹೊತ್ತ ಬೆಂಗಳೂರಿನ ತಂಡ ಈ ಪಾಠವನ್ನು ಕಲಿಯಲು 18 ವರ್ಷ ತೆಗೆದುಕೊಂಡಿತು. 2008ರ ಮೊದಲ ತಂಡದಲ್ಲಿ ರಾಹುಲ ದ್ರಾವಿಡ, ಅನಿಲ ಕುಂಬ್ಳೆ, ಜಾಕ್ ಕಾಲಿಸ್ ಮೊದಲಾದ ಘನವಂತರಿದ್ದರು. ಗದುಗಿನ ಸುನಿಲ ಜೋಶಿಯವರೂ ಇದ್ದರು. ಒಬ್ಬೊಬ್ಬರೂ ದೊಡ್ಡವರೇ, ಆದರೆ 20 ಓವರಿನ ಆಟಕ್ಕೆ ತಕ್ಕ ಹೊಂದಾಣಿಕೆ ಇರಲಿಲ್ಲ. 8 ತಂಡಗಳಲ್ಲಿ 7ನೆಯ ಸ್ಥಾನ ಬಂತು.

2014ರ ಲೆಕ್ಕವನ್ನಂತೂ ಗಿರಣಿಯ ಪಗಾರ ಪತ್ರಿಕೆ ಓದುವಂತೆ ಓದಬೇಕು. ಆಗ ಥೈಲಿ 60 ಕೋಟಿ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಈ ಮೂವರನ್ನು ಉಳಿಸಿಕೊಂಡದ್ದಕ್ಕೆ ಅದರಿಂದ 29.5 ಕೋಟಿ ಕಡಿತವಾಯಿತು. ಲಿಲಾವಿನಲ್ಲಿ ಯುವರಾಜ ಸಿಂಗರಿಗೆ 14 ಕೋಟಿ ಹೋಯಿತು. ನಾಲ್ವರಿಗೆ 43.5 ಕೋಟಿ, ಉಳಿದವರೆಲ್ಲರಿಗೂ ಸೇರಿ 16.5 ಕೋಟಿ. ಫಲವೇನು? ಮತ್ತೆ 8ರಲ್ಲಿ 7ನೆಯ ಸ್ಥಾನ. ಗಜೇಂದ್ರಗಡದ ನೇಕಾರನನ್ನು ಕೇಳಿದ್ದರೆ ಇದನ್ನು ಮೊದಲೇ ಹೇಳುತ್ತಿದ್ದ. ಸೆರಗಿಗೆ ಜರಿ ಹಾಕಿ ಒಡಲಿಗೆ ಹಳಸಲು ನೂಲು ಹಾಕಿದ ಸೀರೆ ಅಂಗಡಿಯಲ್ಲಿ ಹೊಳೆಯುತ್ತದೆ. ಉಟ್ಟ ಮೊದಲ ವಾರದಲ್ಲಿ ಹರಿಯುತ್ತದೆ.

2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಹೊಡೆದರು. ತಂಡ ಅಂತಿಮ ಪಂದ್ಯವನ್ನೂ ಮುಟ್ಟಿತು. ಆದರೆ ಅಲ್ಲಿ ಹೈದರಾಬಾದಿನವರು 208 ರನ್ ಪೇರಿಸಿದರು; ನಮ್ಮವರು 8 ರನ್ನಿನಿಂದ ಸೋತರು. ಹೊಡೆಯುವವರು ಮೂವರಿದ್ದರು, ತಡೆಯುವವರು ಸಾಲದೆ ಬಂದರು. ಆ ವರ್ಷ ಹೈದರಾಬಾದಿನ ಭುವನೇಶ್ವರ ಕುಮಾರರು 23 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರೆಂಬುದನ್ನು ವಾಚಕರು ನೆನಪಿಡಬೇಕು.

2024ರ ನವೆಂಬರಿನಲ್ಲಿ ಸೌದಿ ಅರೇಬಿಯಾದ ಜೆಡ್ಡಾ ನಗರದಲ್ಲಿ ದೊಡ್ಡ ಲಿಲಾವು ನಡೆಯಿತು. ಲಖನೌದವರು ರಿಷಭ್ ಪಂತರಿಗೆ 27 ಕೋಟಿ ಕೊಟ್ಟರು, ಕಲಕತ್ತೆಯವರು ವೆಂಕಟೇಶ ಅಯ್ಯರರಿಗೆ 23.75 ಕೋಟಿ ಕೊಟ್ಟರು. ಬೆಂಗಳೂರಿನವರು ಅಂಥ ಯಾವ ಹೆಸರನ್ನೂ ಕೊಳ್ಳಲಿಲ್ಲ. ನಮ್ಮ ಓಣಿಗಳಲ್ಲಿ ಆ ರಾತ್ರಿ ಅವರಿಗೆ ಬಿದ್ದ ಬೈಗಳು ಕಡಿಮೆಯಲ್ಲ. ಆದರೆ ಅವರು ಮಾಡಿದ್ದನ್ನು ನೋಡಿ. ಕೊಹ್ಲಿಗೆ 21 ಕೋಟಿ ಕೊಟ್ಟು ಉಳಿಸಿಕೊಂಡಿದ್ದರು. ಬೌಲಿಂಗಿಗೆಂದು ಹೇಜಲ್‌ವುಡ್, ಭುವನೇಶ್ವರ ಕುಮಾರ್, ಕೃಣಾಲ್ ಪಾಂಡ್ಯ ಈ ಮೂವರಿಗೆ ಸೇರಿ 29 ಕೋಟಿ ಕೊಟ್ಟರು. ಟಿಮ್ ಡೇವಿಡ್‌ಗೆ 3 ಕೋಟಿ, ಸುಯಶ್ ಶರ್ಮಾಗೆ 2.6 ಕೋಟಿ, ಶೆಫರ್ಡ್‌ಗೆ ಒಂದೂವರೆ ಕೋಟಿ. ಹೆಚ್ಚಿನ ಪಗಾರದ ನಾಲ್ವರ ಪಾಲು 120ರಲ್ಲಿ 56 ಕೋಟಿ. 2014ರಲ್ಲಿ ನಾಲ್ವರು ಥೈಲಿಯ ಮುಕ್ಕಾಲು ಪಾಲಿನಷ್ಟನ್ನು ನುಂಗಿದ್ದರು. ಈಗ ಅರ್ಧಕ್ಕಿಂತ ಕಡಿಮೆ.

ಒಂದೂವರೆ ಕೋಟಿಯ ಶೆಫರ್ಡ್ ಚೆನ್ನೈ ಮೇಲೆ 14 ಎಸೆತಗಳಲ್ಲಿ 53 ರನ್ ಹೊಡೆದು ಪಂದ್ಯ ಗೆಲ್ಲಿಸಿದರು. 2.6 ಕೋಟಿಯ ಸುಯಶ್ ಕ್ವಾಲಿಫೈಯರಿನಲ್ಲಿ 17 ರನ್ನಿಗೆ 3 ವಿಕೆಟ್ ಕಿತ್ತರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕೃಣಾಲರು 4 ಓವರಿಗೆ 17 ರನ್ ಮಾತ್ರ ಕೊಟ್ಟರು. ಬೆಂಗಳೂರು 6 ರನ್ನಿನಿಂದ ಪಂಜಾಬನ್ನು ಸೋಲಿಸಿ ಮೊದಲ ಬಾರಿಗೆ ಕಪ್ಪನ್ನು ಎತ್ತಿತು. 27 ಕೋಟಿಯ ಲಖನೌ 10ರಲ್ಲಿ 7ನೆಯದಾಗಿ ಉಳಿಯಿತು.

ಹೆಣ್ಣುಮಕ್ಕಳ ಆಟವೂ ಇದನ್ನೇ ಹೇಳುತ್ತದೆ. 2023ರಲ್ಲಿ ಥೈಲಿ 12 ಕೋಟಿ. ಬೆಂಗಳೂರು ಸ್ಮೃತಿ ಮಂಧಾನಾ ಒಬ್ಬರಿಗೇ 3.4 ಕೋಟಿ ಕೊಟ್ಟಿತು. ಆ ವರ್ಷ 5 ತಂಡಗಳಲ್ಲಿ 4ನೆಯ ಸ್ಥಾನ. ಮರುವರ್ಷ ಅದೇ ಮಂಧಾನಾ ನಾಯಕಿಯಾಗಿ ಕಪ್ ಗೆದ್ದರು. ಆ ಸಲ ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 13 ವಿಕೆಟ್ ಪಡೆದವಳು ನಮ್ಮ ಕರ್ನಾಟಕದ ಹುಡುಗಿ ಶ್ರೇಯಾಂಕಾ ಪಾಟೀಲ. ಆಕೆಯನ್ನು ಕೊಂಡದ್ದು 10 ಲಕ್ಷಕ್ಕೆ!

ಕಬಡ್ಡಿಗೆ ಬರೋಣ, ಅದು ನಮ್ಮ ಮಣ್ಣಿನ ಆಟ. 2018ರಲ್ಲಿ ಬೆಂಗಳೂರಿನ ತಂಡ ಪವನ್ ಸೆಹ್ರಾವತನನ್ನು 52.8 ಲಕ್ಷಕ್ಕೆ ತೆಗೆದುಕೊಂಡಿತು. ಅದೇ ಲಿಲಾವಿನಲ್ಲಿ ಆರು ಜನ ಕೋಟಿ ಮುಟ್ಟಿದ್ದರು. ಈತ ಅವರಲ್ಲಿ ಒಬ್ಬನಲ್ಲ. ಅಂತಿಮ ಪಂದ್ಯದಲ್ಲಿ ಈತ 22 ಅಂಕ ತಂದ, ಬೆಂಗಳೂರು ಗೆದ್ದಿತು. ಮುಂದೆ 2023ರಲ್ಲಿ ತೆಲುಗು ತಂಡ ಇದೇ ಪವನನಿಗೆ 2.6 ಕೋಟಿ ಕೊಟ್ಟಿತು; ಅದು 5 ಕೋಟಿಯ ಥೈಲಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಆಟಗಾರ ಅವನೇ, ದಮ್ಮೂ ಅದೇ. ಆದರೆ ಬೆನ್ನಿಗೆ ನಿಲ್ಲುವವರಿಲ್ಲ. ಆ ಹಂಗಾಮಿನಲ್ಲಿ ಎರಡೇ ಪಂದ್ಯ ಗೆದ್ದು ತಂಡ ಕಟ್ಟಕಡೆಗೆ ಬಿತ್ತು. ಅದೇ ಹಂಗಾಮಿನಲ್ಲಿ ಕಪ್ ಗೆದ್ದ ಪುಣೆಯ ತಂಡ ತನ್ನ ಹುಡುಗರನ್ನು ಯುವ ತಂಡದಲ್ಲಿ ವರ್ಷಗಟ್ಟಲೆ ತಾಲೀಮು ಮಾಡಿಸಿ ಬೆಳೆಸಿತ್ತು. ಪರದೇಶದ ಒಬ್ಬ ಜಟ್ಟಿಗೆ ಅದೂ 2.35 ಕೋಟಿ ಕೊಟ್ಟಿದ್ದು ನಿಜ. ಆದರೆ ಮನೆ ಕಟ್ಟಿ ಆದ ಮೇಲೆ ಕಳಸ ಇಟ್ಟಿತು. ಅದಕ್ಕೆ ತರಬೇತಿ ಕೊಟ್ಟವರು ನಮ್ಮ ಕನ್ನಡಿಗರಾದ ಬಿ.ಸಿ. ರಮೇಶರು.

ಹಾಗಾದರೆ ದೊಡ್ಡ ಪಗಾರ ಕೊಡುವುದೇ ತಪ್ಪೇ? ಅಲ್ಲ. ಪಂಜಾಬಿನವರು ಶ್ರೇಯಸ್ ಅಯ್ಯರರಿಗೆ 26.75 ಕೋಟಿ ಕೊಟ್ಟು 2025ರ ಅಂತಿಮ ಪಂದ್ಯ ಮುಟ್ಟಿದರು. ಕಸಬಿಗೆ ತಕ್ಕ ಕೂಲಿ ಸಿಗಲೇಬೇಕು. ಅದು ಗಿರಣಿಗೂ ಸತ್ಯ, ಆಟಕ್ಕೂ ಸತ್ಯ. ನಾವು ಹೇಳುವುದಿಷ್ಟೇ: ಹೆಸರಿಗೆ ಹಣ ಕೊಡಬೇಡಿ, ತಂಡಕ್ಕೆ ಇರುವ ಕೊರತೆಗೆ ಹಣ ಕೊಡಿ. ಹನ್ನೊಂದನೆಯವನೂ ಕ್ಯಾಚು ಹಿಡಿಯಬೇಕು ಎಂಬುದನ್ನು ಮರೆಯಬೇಡಿ.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಈ ಥೈಲಿಯ ಮಿತಿ ಯಾರಿಗೆ? ಆಟಗಾರನ ಪಗಾರಕ್ಕೆ ಮಿತಿಯಿದೆ. ಮಾಲಿಕನ ಲಾಭಕ್ಕೆ ಮಿತಿಯಿಲ್ಲ. 2023ರಿಂದ 2027ರವರೆಗಿನ ಐ.ಪಿ.ಎಲ್. ಪ್ರಸಾರದ ಹಕ್ಕು 48,390 ಕೋಟಿಗೆ ಮಾರಾಟವಾಗಿದೆ. ವರ್ಷಕ್ಕೆ 9,678 ಕೋಟಿ. 2025ರಲ್ಲಿ ಹತ್ತು ತಂಡಗಳ ಥೈಲಿ ಕೂಡಿಸಿದರೆ 1,200 ಕೋಟಿ. ಅಂದರೆ ಪ್ರಸಾರದ ಆದಾಯ ಒಂದನ್ನೇ ಹಿಡಿದರೂ ರೂಪಾಯಿಗೆ ಎರಡಾಣೆಯ ಆಸುಪಾಸು ಆಟಗಾರರಿಗೆ. ಅಮೇರಿಕದ ಬಾಸ್ಕೆಟ್ ಬಾಲಿನಲ್ಲಿ ಆಟಗಾರರ ಪಾಲು ಹತ್ತಿರ ಹತ್ತಿರ ಎಂಟಾಣೆ.

ಆ ಎಂಟಾಣೆ ಯಾರೂ ದಯೆಯಿಂದ ಕೊಟ್ಟದ್ದಲ್ಲ. ಅಮೇರಿಕದ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನಂತೆಯೇ ದಾಂಡು-ಚಂಡಿನ ಆಟ. ಅಲ್ಲಿ ಕರಾರು ಮುಗಿದರೂ ಆಟಗಾರ ತನ್ನ ಮಾಲಿಕನನ್ನು ಬಿಡುವಂತಿರಲಿಲ್ಲ. ಸಾಲ ತೀರದ ಜೀತದಾಳಿನ ಹಾಗೆ. 1966ರಲ್ಲಿ ಉಕ್ಕಿನ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದ್ದ ಮಾರ್ವಿನ್ ಮಿಲ್ಲರ್ ಎಂಬವರು ಆಟಗಾರರ ಸಂಘದ ಮುಖಂಡರಾದರು. ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ, 1969ರಲ್ಲಿ ತನ್ನನ್ನು ಕೇಳದೆಯೇ ಬೇರೆ ಊರಿನ ತಂಡಕ್ಕೆ ಒಪ್ಪಿಸಿದ್ದನ್ನು ಒಪ್ಪದೆ ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅವನ ಆಟದ ಬಾಳು ಅಲ್ಲಿಗೆ ಮುಗಿದಿತ್ತು. ಆದರೆ 1975ರಲ್ಲಿ ಪಂಚರ ತೀರ್ಪಿನಿಂದ ಆ ಕಟ್ಟು ಹರಿಯಿತು. 1994ರಲ್ಲಿ ಮಾಲಿಕರು ಪಗಾರದ ಮೇಲೆ ಮಿತಿ ಹೇರಹೋದಾಗ ಆಟಗಾರರು ಮುಷ್ಕರ ಹೂಡಿದರು; ಆ ವರ್ಷದ ಅಂತಿಮ ಪಂದ್ಯಗಳೇ ನಡೆಯಲಿಲ್ಲ. ನಮ್ಮಲ್ಲಿ 2019ರಲ್ಲಿ ಹುಟ್ಟಿದ ಕ್ರಿಕೆಟಿಗರ ಸಂಘ ನಿವೃತ್ತರಿಗಾಗಿ ಇರುವುದೇ ಹೊರತು ಆಡುತ್ತಿರುವವರಿಗಲ್ಲ.

27 ಕೋಟಿಯವನಿಗೆ ಸಂಘ ಏಕೆ ಎಂದು ನಗುವವರಿದ್ದಾರೆ. ಸಂಘ ಬೇಕಾದದ್ದು ಅವನಿಗಲ್ಲ. 30 ಲಕ್ಷಕ್ಕೆ ಬಂದು ಹಂಗಾಮು ಪೂರ್ತಿ ಬೆಂಚಿನ ಮೇಲೆ ಕೂತು, ಮುಂದಿನ ವರ್ಷ ಯಾರೂ ಕೂಗದೆ ಮನೆಗೆ ಮರಳುವ ಹುಡುಗನಿಗೆ. 2025ರಿಂದ ಪಂದ್ಯವೊಂದಕ್ಕೆ ಏಳೂವರೆ ಲಕ್ಷದ ಫೀ ಬಂದಿದೆ. ಆದರೆ ಅದು ಕಣಕ್ಕೆ ಇಳಿದವನಿಗೆ. ಗಿರಣಿಯ ಬದಲಿ ಕೆಲಸಗಾರನ ಪಾಡು ಬಲ್ಲವರಿಗೆ ಇವನ ಪಾಡು ತಿಳಿಯದೆ ಇರದು. ಮೊತ್ತ ದೊಡ್ಡದು, ನ್ಯಾಯ ಒಂದೇ.

ಈ ಮಾತನ್ನೆಲ್ಲ ಇಷ್ಟು ಬೆಳೆಸಿದ್ದೇಕೆಂದರೆ, ಆ ಲಿಲಾವಿನ ಗಾಳಿ ಈಗ ನಮ್ಮ ಹಳ್ಳಿಗಳಿಗೂ ಬೀಸಿದೆ. ಊರೂರಿಗೆ ಪ್ರೀಮಿಯರ್ ಲೀಗು, ಊರೂರಿಗೆ ಫ್ಲೆಕ್ಸು. ಪೇಟೆಯ ಅಂಗಡಿಕಾರರು, ಅಡತಿಯವರು, ಗಿರಣಿಯವರು ವರ್ಗಣಿ ಕೊಡುತ್ತಾರೆ. ಆ ಹಣದಲ್ಲಿ ಎರಡು ದಿನಕ್ಕೆಂದು ಹೊರಗಿನ ಆಟಗಾರರನ್ನು ತರಿಸಲಾಗುತ್ತದೆ. ಅವರು ಬರುತ್ತಾರೆ, ಹೊಡೆಯುತ್ತಾರೆ, ಕಪ್ಪು ಗೆಲ್ಲುತ್ತಾರೆ, ಹಣ ಎಣಿಸಿಕೊಂಡು ಬಸ್ಸು ಹತ್ತುತ್ತಾರೆ. ಅವರ ತಪ್ಪೇನೂ ಇಲ್ಲ. ಅದು ಅವರ ದುಡಿಮೆ. ಆದರೆ ಹಮಾಲನ ಮಗ, ನೇಕಾರನ ಮಗ, ಹೊಲದ ಕೂಲಿಯ ಮಗ ಕಣದ ಅಂಚಿನಲ್ಲಿ ನಿಂತು ನೀರು ಕೊಡುತ್ತಾನೆ. ಪಂದ್ಯ ಮುಗಿದ ಮೇಲೆ ಊರಿಗೆ ಉಳಿಯುವುದು ಹರಿದ ಫ್ಲೆಕ್ಸು.

ಸುನಿಲ ಜೋಶಿಯವರು ಹುಡುಗರಾಗಿದ್ದಾಗ ಗದುಗಿನಿಂದ ಹುಬ್ಬಳ್ಳಿಗೆ, ಸುಮಾರು 60 ಕಿಲೋಮೀಟರ್, ಬೆಳಗಿನ ಜಾವ ರೈಲು ಹಿಡಿದು ಹೋಗಿ ಅಭ್ಯಾಸ ಮಾಡಿ ಮತ್ತೆ ಶಾಲೆಗೆ ಮರಳುತ್ತಿದ್ದರು. ಅವರು ದೇಶಕ್ಕಾಗಿ 15 ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಅವರಿಗೆ ಗದುಗಿನಲ್ಲಿ ರೈಲಾದರೂ ಇತ್ತು. ನರಗುಂದಕ್ಕೂ ಗಜೇಂದ್ರಗಡಕ್ಕೂ ರೈಲೇ ಇಲ್ಲ. ಗಜೇಂದ್ರಗಡದ ಹುಡುಗ ಹುಬ್ಬಳ್ಳಿಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಮಿಕ್ಕಿದ ಬಸ್ಸಿನ ದಾರಿ. ಆ ಬಸ್ಸಿನ ಚಾರ್ಜು ಕೊಡುವವರು ಯಾರು? ನಮ್ಮ ವರ್ಗಣಿಯ ಹಣ ಹೋಗಬೇಕಾದದ್ದು ಅಲ್ಲಿಗೆ.

ಆದ್ದರಿಂದ ಪಂದ್ಯ ನಡೆಸುವ ಪಂಚರ ಮುಂದೆ ನಾವು ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಒಂದು, ತಂಡವೊಂದಕ್ಕೆ ಹೊರಗಿನವರು ಇಬ್ಬರಿಗಿಂತ ಹೆಚ್ಚು ಬೇಡ. ಎರಡು, ಕೂಡಿದ ವರ್ಗಣಿಯಲ್ಲಿ ಅರ್ಧವನ್ನು ಮೊದಲೇ ತೆಗೆದಿಟ್ಟು ಮೈದಾನ, ಕಬಡ್ಡಿಯ ಮ್ಯಾಟು, ಬೂಟು, ಮಕ್ಕಳ ಬಸ್ ಚಾರ್ಜಿಗೆ ಕೊಡಬೇಕು. ಹುಡುಗಿಯರಿಗೂ ಅದರಲ್ಲಿ ಪಾಲು ಇರಬೇಕು. ಮೂರು, ಗೆದ್ದ ಬಹುಮಾನ ಆಡಿದವನಿಗೂ ಬೆಂಚಿನ ಮೇಲೆ ಕೂತವನಿಗೂ ಸಮನಾಗಿ ಹಂಚಬೇಕು. ನಾಲ್ಕು, ಜಮಾ-ಖರ್ಚನ್ನು ಕೊನೆಯ ದಿನ ಎಲ್ಲರ ಮುಂದೆ ಓದಿ ಹೇಳಬೇಕು.

ಐ.ಪಿ.ಎಲ್. ಥೈಲಿಯ ಬಾಯಿ ನಮ್ಮ ಕೈಯಲ್ಲಿಲ್ಲ. ಆದರೆ ಊರ ವರ್ಗಣಿಯ ಪಾವತಿ ಪುಸ್ತಕ ನಮ್ಮ ಅಂಗಡಿಯ ಬಾಗಿಲಿಗೇ ಬರುತ್ತದೆ. ಈ ಸಲ ಅದು ಬಂದಾಗ ಹೆಸರು ಬರೆಸುವ ಮುಂಚೆ ಒಂದು ಮಾತು ಕೇಳಿರಿ: ಇದರಲ್ಲಿ ನಮ್ಮ ಹುಡುಗರಿಗೆ ಎಷ್ಟು?